73,000 ಸಿಗರೇಟು ಸೇದಿದ್ದರೆ ಮಾತ್ರ ಒಳಗೆ ಬನ್ನಿ

ಸಿಓಪಿಡಿಗೆ ಹೊಸ ಔಷಧ ಬಂತು ಅನ್ನೋ ಸುದ್ದಿ ಆಗಾಗ ಯಾವುದಾದರೂ ಪೇಪರಿನ ಆರೋಗ್ಯ ಪುಟದಲ್ಲಿ ಬಂದೇ ಬರುತ್ತೆ. ನಮ್ಮ ಬ್ಲಾಗಿಗರಲ್ಲೂ ಒಂದಿಬ್ಬರು ಅದನ್ನ ಕನ್ನಡಕ್ಕೆ ತಂದು ಹಾಕ್ತಾರೆ. ಕೆಳಗೆ ಹತ್ತು ಜನ "ಉಪಯುಕ್ತ ಮಾಹಿತಿ, ಧನ್ಯವಾದಗಳು" ಅಂತ ಬರೀತಾರೆ. ಅಲ್ಲಿಗೆ ಮುಗೀತು. ಈ ಬರಹಗಳಲ್ಲಿ ಔಷಧದ ಹೆಸರಿರುತ್ತೆ, ಶೇಕಡಾ ಎಷ್ಟು ಗುಣ ಕಾಣಿಸ್ತು ಅನ್ನೋದಿರುತ್ತೆ, ಬಿಳಿ ಕೋಟಿನವರ ಫೋಟೋ ಇರುತ್ತೆ. ಯಾರ ಮೇಲೆ ಪ್ರಯೋಗ ಮಾಡಿದರು ಅನ್ನೋದು ಮಾತ್ರ ಇರೋದಿಲ್ಲ. ನನ್ನ ತಕರಾರು ಇರೋದು ಅಲ್ಲೇ. ಇವತ್ತು ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಗೊಂಡು ಬಂದು ಕೂತ್ಕೊಳ್ಳಿ.

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಅಸ್ತಮಾ, ಅಂದರೆ ನಮ್ಮ ಕಡೆ ಉಬ್ಬಸ ಅಂತಾರಲ್ಲ ಅದು, ಬರುತ್ತೆ ಹೋಗುತ್ತೆ. ಶ್ವಾಸನಾಳ ಬಿಗಿಯುತ್ತೆ, ಔಷಧ ಎಳೆದುಕೊಂಡರೆ ಬಹುಮಟ್ಟಿಗೆ ಸಡಿಲ ಆಗುತ್ತೆ. ಸಿಓಪಿಡಿ ಹಾಗಲ್ಲ. ವರ್ಷಗಟ್ಟಲೆ ಹೊಗೆ ದೂಳು ಕುಡಿದು ಕುಡಿದು ನಾಳಗಳು ಕಿರಿದಾಗುತ್ತವೆ, ಒಳಗಿನ ಗಾಳಿಗೂಡುಗಳು ಹಾಳಾಗುತ್ತವೆ, ಎಳೆದುಕೊಂಡ ಉಸಿರು ಹೊರಗೆ ಹೋಗೋದೇ ಕಷ್ಟ ಆಗುತ್ತೆ. ಪೂರ್ತಿ ವಾಸಿ ಅನ್ನೋದು ಇಲ್ಲ. ಸ್ಪೈರೋಮೀಟರ್ ಅನ್ನೋ ಯಂತ್ರಕ್ಕೆ ಜೋರಾಗಿ ಊದಿಸಿ, ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಗೆ ಬಂತು ಅಂತ ಅಳೆದು ಪತ್ತೆ ಹಚ್ಚುತ್ತಾರೆ.

ಈಗ ಇನ್ನೊಂದು ಪದ: ಪ್ಯಾಕ್-ಇಯರ್. ದಿನಕ್ಕೆ 20 ಸಿಗರೇಟಿನ ಒಂದು ಪ್ಯಾಕು, ಹಾಗೆ ಒಂದು ವರ್ಷ ಸೇದಿದರೆ ಒಂದು ಪ್ಯಾಕ್-ಇಯರ್. ಹತ್ತು ಪ್ಯಾಕ್-ಇಯರ್ ಅಂದರೆ ಇಪ್ಪತ್ತು ಸಲ ಮುನ್ನೂರ ಅರವತ್ತೈದು ಸಲ ಹತ್ತು, 73,000 ಸಿಗರೇಟು. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಇದೇ ಇವತ್ತಿನ ಕಥಾನಾಯಕ.

2007ರಲ್ಲಿ ಟಾರ್ಚ್ ಅನ್ನೋ ಹೆಸರಿನ ಟ್ರಯಲ್ಲಿನ ಫಲಿತಾಂಶ ಬಂತು. 42 ದೇಶ, 6,112 ರೋಗಿಗಳು, ಮೂರು ವರ್ಷ. ಸ್ಟೀರಾಯ್ಡು ಮತ್ತು ನಾಳ ಹಿಗ್ಗಿಸುವ ಔಷಧ ಎರಡೂ ಸೇರಿದ ಇನ್ಹೇಲರ್ ಕೊಟ್ಟರೆ ಸಾವು ಕಡಿಮೆ ಆಗುತ್ತಾ ಅಂತ ನೋಡೋ ಪ್ರಯೋಗ. ಒಳಗೆ ಸೇರಬೇಕಾದರೆ ಕನಿಷ್ಠ ಹತ್ತು ಪ್ಯಾಕ್-ಇಯರ್ ಸೇದಿರಬೇಕು. 2008ರಲ್ಲಿ ಅಪ್‌ಲಿಫ್ಟ್. 5,993 ರೋಗಿಗಳು, ನಾಲ್ಕು ವರ್ಷ, ಟಯೋಟ್ರೋಪಿಯಂ ಅನ್ನೋ ಔಷಧ. ಹತ್ತು ಪ್ಯಾಕ್-ಇಯರ್. 2018ರಲ್ಲಿ ಇಂಪ್ಯಾಕ್ಟ್. 10,355 ಜನ, ಮೂರು ಔಷಧ ಒಂದೇ ಇನ್ಹೇಲರಿನಲ್ಲಿ. ಹತ್ತು ಪ್ಯಾಕ್-ಇಯರ್. 2023ರಲ್ಲಿ ಬೋರಿಯಾಸ್. 939 ಜನ, ಡ್ಯೂಪಿಲುಮ್ಯಾಬ್ ಅನ್ನೋ ದುಬಾರಿ ಇಂಜೆಕ್ಷನ್ನು. ಅಲ್ಲೂ ಅದೇ ಹತ್ತು ಪ್ಯಾಕ್-ಇಯರ್. ಹದಿನಾರು ವರ್ಷದಲ್ಲಿ ಔಷಧ ಬದಲಾಯ್ತು, ಬೆಲೆ ಬದಲಾಯ್ತು, ಗೇಟಿನಲ್ಲಿ ನಿಂತ ವಾಚ್‌ಮನ್ ಮಾತ್ರ ಅವನೇ!

ಬೀಡಿ ಸಿಗರೇಟು ಸೇದದವರಿಗೆ ಈ ಕಾಯಿಲೆ ಬರೋದು ಅಪರೂಪ ಆಗಿದ್ದಿದ್ದರೆ ನಾನು ಬಾಯಿ ಮುಚ್ಚಿಕೊಂಡು ಕೂರ್ತಿದ್ದೆ. ಆದರೆ ಪುಣೆಯ ಸಂದೀಪ್ ಸಾಲ್ವಿ ಮತ್ತು ಲಂಡನ್ನಿನ ಪೀಟರ್ ಬಾರ್ನ್ಸ್ 2009ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದಾರೆ: ಜಗತ್ತಿನ ಸಿಓಪಿಡಿ ರೋಗಿಗಳಲ್ಲಿ ಶೇ. 25ರಿಂದ 45ರಷ್ಟು ಜನ ಯಾವತ್ತೂ ಧೂಮಪಾನ ಮಾಡಿದವರೇ ಅಲ್ಲ. ನಮ್ಮ ದೇಶದ ಲೆಕ್ಕ ಇನ್ನೂ ಖಡಕ್ಕಾಗಿದೆ. 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂದ ಅಧ್ಯಯನದ ಪ್ರಕಾರ 2016ರಲ್ಲಿ ಭಾರತದಲ್ಲಿ ಐದೂವರೆ ಕೋಟಿ ಜನರಿಗೆ ಸಿಓಪಿಡಿ ಇತ್ತು. ಈ ಕಾಯಿಲೆಯಿಂದ ಕಳೆದುಹೋದ ಆರೋಗ್ಯಕರ ವರ್ಷಗಳನ್ನ ಕಾರಣವಾರು ಹಂಚಿದರೆ ಶೇ. 53.7 ಗಾಳಿಯ ಮಾಲಿನ್ಯದ ತಲೆಗೆ ಬರುತ್ತೆ, ಅದರಲ್ಲಿ ಅಡುಗೆಮನೆ ಹೊಗೆಯೂ ಸೇರಿದೆ. ತಂಬಾಕಿನ ಪಾಲು ಶೇ. 25.4. ಅಂದರೆ ಇಲ್ಲಿ ದೊಡ್ಡ ಅಪರಾಧಿ ಹೊರಗಿನ ಮತ್ತು ಒಳಗಿನ ಗಾಳಿ, ಸಿಗರೇಟು ಎರಡನೆಯವನು. ಟ್ರಯಲ್ಲುಗಳು ಮಾತ್ರ ಎರಡನೆಯವನು ಹೊಡೆದ ಪೆಟ್ಟಿಗೇ ಮುಲಾಮು ಹುಡುಕ್ತಾ ಇವೆ.

ಇನ್ನು ಅಸ್ತಮಾ ಟ್ರಯಲ್ಲುಗಳ ಕಡೆ ಬನ್ನಿ, ಅಲ್ಲಿ ತಮಾಷೆ ಉಲ್ಟಾ. ಅಲ್ಲಿ ಸಾಮಾನ್ಯವಾಗಿ ಸಿಗರೇಟು ಸೇದೋರನ್ನ ಹೊರಗೆ ಹಾಕ್ತಾರೆ. ಜೊತೆಗೆ ಇನ್ನೊಂದು ಷರತ್ತು ಇರುತ್ತೆ: ನಾಳ ಹಿಗ್ಗಿಸುವ ಔಷಧ ಕೊಟ್ಟ ಮೇಲೆ ಊದುವ ಗಾಳಿ ಶೇ. 12 ಮತ್ತು 200 ಮಿಲಿಲೀಟರಿನಷ್ಟಾದರೂ ಜಾಸ್ತಿ ಆಗಬೇಕು. ಅಷ್ಟು ಸಡಿಲ ಆಗದಿದ್ದರೆ ನಿಮ್ಮದು ಅಸ್ತಮಾ ಅಂತ ನಂಬೋದಿಲ್ಲ. ಈಗ ನಲವತ್ತು ವರ್ಷ ಸೌದೆ ಒಲೆ ಮುಂದೆ ಕೂತ ಒಬ್ಬ ಹೆಂಗಸನ್ನ ಕರ್ಕೊಂಡು ಹೋಗಿ. ಅಸ್ತಮಾ ಟ್ರಯಲ್ಲಿನವರು, ನಿಮ್ಮ ನಾಳ ಸಡಿಲ ಆಗ್ತಿಲ್ಲ, ಸಿಓಪಿಡಿ ಕೌಂಟರಿಗೆ ಹೋಗಿ ಅಂತಾರೆ. ಸಿಓಪಿಡಿಯವರು, ನೀವು ಸಿಗರೇಟೇ ಸೇದಿಲ್ಲವಲ್ಲ, ಅಸ್ತಮಾ ಕೌಂಟರಿಗೆ ಹೋಗಿ ಅಂತಾರೆ. ತಾಲ್ಲೂಕು ಕಚೇರಿಗೆ ಹೋದವರಿಗೆಲ್ಲ ಈ ಅನುಭವ ಇದ್ದೇ ಇರುತ್ತೆ ಬಿಡಿ.

ನನ್ನ ದೊಡ್ಡಮ್ಮ ಅಂಥ ಹೆಂಗಸು. ಸಾಗರದ ಹತ್ತಿರದ ಹಳ್ಳಿ. ಮದುವೆ ಆಗಿ ಬಂದಾಗಿನಿಂದ ಬೆಳಗ್ಗೆ ಸಂಜೆ ಒಲೆ, ಮಳೆಗಾಲದಲ್ಲಿ ಹಸಿ ಸೌದೆ, ಊದುಗೊಳವೆ. ಅಡಿಕೆ ಕೊಯ್ಲಿನ ಹೊತ್ತಿಗೆ ಅಡಿಕೆ ಬೇಯಿಸೋ ಹಂಡೆಯ ಹೊಗೆ ಬೇರೆ. ಗ್ಯಾಸ್ ಬಂದ ಮೇಲೂ ಬಚ್ಚಲೊಲೆಗೆ ಸೌದೆಯೇ. ಪೇಟೆಯ ಆಸ್ಪತ್ರೆಯೊಂದಕ್ಕೆ ಅವರನ್ನ ಕರ್ಕೊಂಡು ಹೋದಾಗ ಡಾಕ್ಟರು ಮೊದಲು ಕೇಳಿದ್ದು "ಬೀಡಿ ಸಿಗರೇಟು ಏನಾದ್ರೂ ಅಭ್ಯಾಸ ಇತ್ತಾ ಅಮ್ಮಾ?" ಅಂತ. ದೊಡ್ಡಮ್ಮ ಸೆರಗು ಬಾಯಿಗೆ ಅಡ್ಡ ಹಿಡ್ಕೊಂಡು ನಕ್ಕರು. ಡಾಕ್ಟರೂ ನಕ್ಕು, ಅದನ್ನೇ ಬರೆದುಕೊಂಡು, ಇನ್ಹೇಲರ್ ಬರೆದುಕೊಟ್ಟರು. ಬಸ್ಸು ಹತ್ತಿದ ಮೇಲೆ ನನ್ನ ಕೇಳಿದರು: "ಅಲ್ಲ ಮಾರಾಯ, ಒಲೆ ವಿಚಾರ ಅವ್ರು ಕೇಳ್ಲೇ ಇಲ್ವಲ್ಲ?"

ಡಾಕ್ಟರನ್ನ ಬೈಯೋದಕ್ಕೆ ಇದನ್ನ ಹೇಳ್ತಿಲ್ಲ. ಅವರ ಮೇಜಿನ ಮೇಲಿದ್ದ ಪುರಾವೆಯಲ್ಲೇ ಒಲೆಯ ಕಾಲಮ್ಮು ಇಲ್ಲ, ಅವರು ಎಲ್ಲಿಂದ ಕೇಳಬೇಕು? ತಪ್ಪು ಅದಕ್ಕಿಂತ ಮೇಲಿದೆ.

ಒಲೆಯ ಹೊಗೆಯನ್ನ ಅಳೆಯೋದು ಹೇಗೆ, ಸಿಗರೇಟಾದರೆ ಎಣಿಸಬಹುದು ಅನ್ನೋ ವಾದ ಕೇಳಿದ್ದೀನಿ. ಸ್ವಾಮೀ, ಅಳತೆಗೋಲು ಇದೆ, ಅದೂ ನಮ್ಮ ಮೈಸೂರಿನಲ್ಲೇ ಇದೆ! ದಿನಕ್ಕೆ ಸರಾಸರಿ ಎಷ್ಟು ಗಂಟೆ ಒಲೆ ಮುಂದೆ, ಹಾಗೆ ಎಷ್ಟು ವರ್ಷ, ಎರಡನ್ನೂ ಗುಣಿಸಿ ಬಂದ ಸಂಖ್ಯೆಗೆ ಬಯೋಮಾಸ್ ಎಕ್ಸ್‌ಪೋಶರ್ ಇಂಡೆಕ್ಸ್ ಅಂತಾರೆ. ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರನ್ನ ಅಧ್ಯಯನ ಮಾಡಿದ ಜೆಎಸ್ಎಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2013ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಬರೆದರು: ಈ ಸಂಖ್ಯೆ 60 ದಾಟಿದರೆ ಕ್ರಾನಿಕ್ ಬ್ರಾಂಕೈಟಿಸ್, ಅಂದರೆ ತಿಂಗಳುಗಟ್ಟಲೆ ಬಿಡದ ಕಫದ ಕೆಮ್ಮಿನ ಅಪಾಯ ಎದ್ದು ಕಾಣುತ್ತೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಅಂದರೆ 60. ನಮ್ಮ ದೊಡ್ಡಮ್ಮನದು ನಾಲ್ಕು ಗಂಟೆಯಂತೆ ನಲವತ್ತೈದು ವರ್ಷ ಹಿಡಿದರೂ 180.

ಈಗ ಬೋರಿಯಾಸ್ ಟ್ರಯಲ್ಲನ್ನ ಇನ್ನೊಂದು ಸಲ ನೋಡಿ. ಅದಕ್ಕೆ ಸೇರೋದಕ್ಕೆ ಇದ್ದ ಷರತ್ತುಗಳಲ್ಲಿ ಒಂದು ಕ್ರಾನಿಕ್ ಬ್ರಾಂಕೈಟಿಸ್ ಇರಬೇಕು ಅನ್ನೋದು. ಮೈಸೂರಿನ ಅಧ್ಯಯನದಲ್ಲಿ ಕೆಮ್ಮುತ್ತಿದ್ದ ಹೆಂಗಸರಲ್ಲಿ ಯಾರಿಗಾದರೂ ಮಿಕ್ಕ ಷರತ್ತೆಲ್ಲ ಕೂಡಿಬಂದರೂ, 73,000 ಸಿಗರೇಟಿನ ಸಾಲ ಇಲ್ಲ ಅಂತ ಹೊರಗೇ ನಿಲ್ಲಬೇಕಿತ್ತು. ಅದಕ್ಕಿಂತ ಮಜಾ ಅಂದರೆ, 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎಫ್‌ಡಿಎ ಈ ಔಷಧಕ್ಕೆ ಸಿಓಪಿಡಿಗೆ ಅಂತ ಒಪ್ಪಿಗೆ ಕೊಟ್ಟಾಗ, ರಕ್ತದಲ್ಲಿ ಇಯೊಸಿನೊಫಿಲ್ ಅನ್ನೋ ಕಣ ಜಾಸ್ತಿ ಇರೋ ಬಗೆಯವರಿಗೆ ಅಂತ ಬರೀತು, ಸಿಗರೇಟು ಸೇದಿದವರಿಗೆ ಮಾತ್ರ ಅಂತ ಬರೀಲಿಲ್ಲ. ಪರೀಕ್ಷೆ ಮಾಡೋವಾಗ ಸೇದೋರು ಮಾತ್ರ ಬೇಕು. ಮಾರೋವಾಗ ಎಲ್ಲರೂ ನಮ್ಮವರೇ!

ನಾನು ದಿನಾ ಸಾಫ್ಟ್‌ವೇರ್ ಕುಟ್ಟೋ ಮನುಷ್ಯ. ನಮ್ಮಲ್ಲಿ ಯಾರಾದರೂ ಕ್ರೋಮಿನಲ್ಲಿ ಮಾತ್ರ ಟೆಸ್ಟ್ ಮಾಡಿ ಎಲ್ಲಾ ಬ್ರೌಸರಿನಲ್ಲೂ ಓಡುತ್ತೆ ಅಂತ ರಿಲೀಸ್ ನೋಟಿನಲ್ಲಿ ಬರೆದರೆ ಮ್ಯಾನೇಜರು ಕೂರಿಸಿ ಕ್ಲಾಸ್ ತಗೋತಾರೆ. ಇಲ್ಲಿ ಹೋಗೋದು ಒಂದು ವೆಬ್‌ಪೇಜು ಅಲ್ಲ, ಉಸಿರು.

ಹೊಗೆ ಅಂದರೆ ಹೊಗೆ ಅಲ್ವಾ, ಸಿಗರೇಟಿನದಾದರೇನು ಸೌದೆಯದಾದರೇನು ಅಂತ ಕೇಳೋರಿಗೆ ಮೆಕ್ಸಿಕೋ ದೇಶದ ಕಡೆ ಕೈ ತೋರಿಸ್ತೀನಿ. ಅಲ್ಲಿಯ ಹಳ್ಳಿಗಳಲ್ಲೂ ನಮ್ಮ ಹಾಗೇ ಸೌದೆ ಒಲೆ, ಹೊಗೆ ಕುಡಿಯೋರು ಹೆಂಗಸರೇ. ಅಲ್ಲಿಯ ವೈದ್ಯರು ಸೌದೆಯಿಂದ ಸಿಓಪಿಡಿ ಬಂದವರನ್ನ ಸಿಗರೇಟಿನಿಂದ ಬಂದವರ ಪಕ್ಕದಲ್ಲಿಟ್ಟು ವರ್ಷಗಟ್ಟಲೆ ನೋಡಿದ್ದಾರೆ. ಸೌದೆಯವರಲ್ಲಿ ಗಾಳಿಗೂಡು ಒಡೆದುಹೋಗೋ ಎಂಫಿಸೀಮಾ ಕಡಿಮೆ, ಕೆಟ್ಟಿರೋದು ಹೆಚ್ಚಾಗಿ ಸಣ್ಣ ನಾಳಗಳು. ಶ್ವಾಸಕೋಶದ ಶಕ್ತಿ ವರ್ಷವರ್ಷ ಇಳಿಯೋ ವೇಗವೂ ಬೇರೆ, ಸಿಗರೇಟಿನವರಿಗಿಂತ ನಿಧಾನ. ಯಂತ್ರಕ್ಕೆ ಊದಿಸಿದರೆ ಒಂದೇ ಹೆಸರಿನ ಕಾಯಿಲೆ, ಒಳಗೆ ಹೊಕ್ಕು ನೋಡಿದರೆ ಬೇರೆ ಬೇರೆ. ಔಷಧ ಎರಡಕ್ಕೂ ಒಂದೇ ಥರ ಕೆಲಸ ಮಾಡುತ್ತೆ ಅಂತ ಯಾರಾದರೂ ಹೇಳಿದರೆ, ಅದು ಊಹೆ. ಸರಿಯಾದ ಊಹೆಯೂ ಇರಬಹುದು, ಆದರೆ ಊಹೆ.

ಆ ಊಹೆಗೆ ಬೆಲೆಯೂ ಇದೆ. ಟಾರ್ಚ್ ಟ್ರಯಲ್ಲಿನಲ್ಲಿ ಬರೀ ಗಾಳಿ ಎಳೆದವರಲ್ಲಿ ನ್ಯುಮೋನಿಯಾ ಬರೋ ಸಾಧ್ಯತೆ ಶೇ. 12.3 ಇದ್ದರೆ, ಸ್ಟೀರಾಯ್ಡು ಸೇರಿದ ಜೋಡಿ ಇನ್ಹೇಲರಿನವರಲ್ಲಿ ಶೇ. 19.6. ಸಾವು ಕಡಿಮೆ ಆಗುತ್ತೆ ಅನ್ನೋದನ್ನ ಸಾಧಿಸೋಕೆ ಹೊರಟ ಪ್ರಯೋಗ ಕೂದಲೆಳೆಯಲ್ಲಿ ಸೋತಿತು. 0.05ರ ಒಳಗೆ ಬರಬೇಕಾಗಿದ್ದ ಸಂಖ್ಯೆ 0.052ಕ್ಕೆ ನಿಂತಿತು. ಆದರೂ ಉಸಿರಾಟ ಸುಧಾರಿಸ್ತು, ಕಾಯಿಲೆ ಉಲ್ಬಣಿಸೋದು ಕಡಿಮೆ ಆಯ್ತು, ಅದಕ್ಕೇ ಡಾಕ್ಟರುಗಳು ಲಾಭ ನಷ್ಟ ತೂಗಿ ಬರೆದುಕೊಡ್ತಾರೆ. ತೂಗಲಿ, ಬೇಡ ಅನ್ನಲ್ಲ. ತಕ್ಕಡಿಯ ಎರಡೂ ತಟ್ಟೆಯಲ್ಲಿ ಇರೋದು ಸಿಗರೇಟಿನವರ ಶ್ವಾಸಕೋಶ ಅನ್ನೋದನ್ನ ಮರೀಬೇಡಿ ಅಷ್ಟೇ. ಕ್ಷಯ ವಾಸಿಯಾಗಿ ಗಾಯದ ಕಲೆ ಉಳಿದ ಶ್ವಾಸಕೋಶದವರ ಕಥೆಯೂ ಹೆಚ್ಚುಕಡಿಮೆ ಇದೇ. ಬೇರೆ ಶ್ವಾಸಕೋಶದ ಕಾಯಿಲೆ ಇದ್ದವರು ಬೇಡ ಅನ್ನೋ ಒಂದು ಸಾಲಿನಲ್ಲಿ ಅವರೂ ಹೊರಗೆ. ಕ್ಷಯ ಇಷ್ಟಿರೋ ದೇಶದಲ್ಲಿ ಆ ಸಾಲಿನ ತೂಕ ಎಷ್ಟು ಅಂತ ಬೇರೆ ಹೇಳಬೇಕಾಗಿಲ್ಲ.

ಇದು ಬಡದೇಶದವರ ಗೋಳು ಅಂತಲೂ ಅಂದುಕೋಬೇಡಿ. ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ಕೆಲವು ಸಂಶೋಧಕರು ಒಂದು ಸರಳವಾದ ಕೆಲಸ ಮಾಡಿದರು. ಊರಿನಲ್ಲಿ ಅಸ್ತಮಾ ಇರೋ ಸಾಮಾನ್ಯ ಜನರನ್ನ ಸಮೀಕ್ಷೆಯಲ್ಲಿ ಹುಡುಕಿ, ಚಿಕಿತ್ಸಾ ಮಾರ್ಗಸೂಚಿಗೆ ಆಧಾರವಾದ ದೊಡ್ಡ ಟ್ರಯಲ್ಲುಗಳ ಷರತ್ತನ್ನ ಇವರ ಮೇಲೆ ಹಾಕಿ, ಎಷ್ಟು ಜನ ಪಾಸಾಗ್ತಾರೆ ಅಂತ ನೋಡಿದರು. 2007ರಲ್ಲಿ ಪ್ರಕಟವಾದ ಉತ್ತರ: ಮಧ್ಯಾಂಕ ಲೆಕ್ಕದಲ್ಲಿ ಶೇ. 4! ಸಿಓಪಿಡಿಗೂ ಹಾಗೇ ನೋಡಿದರೆ ಶೇ. 5. ನೂರು ರೋಗಿಗಳಲ್ಲಿ ನಾಲ್ಕೈದು ಜನರಂಥವರ ಮೇಲೆ ಮಾಡಿದ ಪ್ರಯೋಗ, ಮಿಕ್ಕ ತೊಂಬತ್ತೈದು ಜನರ ಚೀಟಿ ಬರೀತಾ ಇದೆ. ಅಸ್ತಮಾ ಇದ್ದೂ ಸಿಗರೇಟು ಸೇದೋರನ್ನ ಆಮೇಲೆ ಬೇರೆಯಾಗಿ ಪರೀಕ್ಷಿಸಿದಾಗ ಏನಾಯ್ತು ಗೊತ್ತಾ? ಸೇದದವರಿಗೆ ಚೆನ್ನಾಗಿ ನಾಟುವ ಸ್ಟೀರಾಯ್ಡು ಇವರಿಗೆ ಅಷ್ಟು ನಾಟಲಿಲ್ಲ. ಗ್ಲ್ಯಾಸ್ಗೋದವರು 2002ರಲ್ಲಿ ತೋರಿಸಿದ್ದು ಇದನ್ನೇ. ಹೊರಗೆ ಹಾಕಿದವರು ನಿಜವಾಗಿಯೂ ಬೇರೆ ಥರ ಇದ್ದರು. ಸೌದೆ ಒಲೆಯವರ ವಿಷಯದಲ್ಲೂ ಹಾಗಾಗಬಹುದು ಅನ್ನೋ ಅನುಮಾನಕ್ಕೆ ಇದಕ್ಕಿಂತ ಕಾರಣ ಬೇಕಾ?

ಇಷ್ಟು ಓದಿದ ಮೇಲೆ ಒಬ್ಬರಾದರೂ "ನೋಡಿದ್ರಾ, ಎಲ್ಲಾ ಇಂಗ್ಲಿಷ್ ಔಷಧಿ ಕಂಪನಿಗಳ ಆಟ, ಹೈದರಾಬಾದಿಗೆ ಹೋಗಿ ಮೀನು ನುಂಗೋದೇ ವಾಸಿ" ಅಂತ ಬರೀತಾರೆ, ನನಗೆ ಗೊತ್ತು. ಮೃಗಶಿರಾ ಮಳೆ ಹಿಡಿಯೋ ಹೊತ್ತಿಗೆ ಅಲ್ಲಿ ಕೊಡೋ ಮೀನಿನ ಪ್ರಸಾದದ ಬಗ್ಗೆ ಹೇಳ್ತಿರೋದು. ಅಣ್ಣಾ, ಅಪಾರ್ಥ ಮಾಡ್ಕೋಬೇಡಿ. ನನ್ನ ಜಗಳ ಟ್ರಯಲ್ಲಿನ ಲೆಕ್ಕದಲ್ಲಿ ಒಂದು ಕಾಲಮ್ಮು ಇಲ್ಲ ಅಂತ. ನಿಮ್ಮ ಮೀನಿಗೆ ಲೆಕ್ಕದ ಪುಸ್ತಕವೇ ಇಲ್ಲ. ಅಸ್ತಮಾಕ್ಕೆ ದಿನಾ ಎಳೆದುಕೊಳ್ಳೋ ಸ್ಟೀರಾಯ್ಡು ಜೀವ ಉಳಿಸುತ್ತೆ ಅನ್ನೋದು ಇದೇ ಥರದ ಸಂಶೋಧನೆಗಳಿಂದ ಗೊತ್ತಾಗಿದ್ದು. ಇದನ್ನ ಓದಿ ಯಾರೂ ದಯವಿಟ್ಟು ಪಂಪು ಬಿಡಬೇಡಿ. ನಮ್ಮ ದೊಡ್ಡಮ್ಮನೂ ಬಿಟ್ಟಿಲ್ಲ, ನಾನು ಬಿಡೋಕೂ ಬಿಡಲ್ಲ.

ಇನ್ನೊಂದು ವಾದ ಸ್ವಲ್ಪ ಗಟ್ಟಿ ಇದೆ. ಪ್ರಯೋಗ ಅಂದರೆ ಹಾಗೇ ಕಣ್ರೀ, ಎಲ್ಲಾ ಥರದವರನ್ನ ಗುಡ್ಡೆ ಹಾಕಿದರೆ ಔಷಧದ ಪರಿಣಾಮವೇ ಕಾಣಿಸಲ್ಲ, ಅದಕ್ಕೇ ಒಂದೇ ಥರದವರನ್ನ ಆರಿಸ್ತಾರೆ ಅಂತ. ಒಪ್ತೀನಿ, ಮೊದಮೊದಲ ಹಂತಕ್ಕೆ. ನಾವೂ ಯೂನಿಟ್ ಟೆಸ್ಟ್ ಹಾಗೇ ಬರೀತೀವಿ. ಆದರೆ ಹತ್ತು ಸಾವಿರ ಜನರನ್ನ ಸೇರಿಸೋ ಕೊನೇ ಹಂತದಲ್ಲೂ ಅದೇನಾ? ಹತ್ತು ಸಾವಿರದ ಪಕ್ಕದಲ್ಲಿ ಎರಡು ಸಾವಿರ ಒಲೆಯವರನ್ನ ಬೇರೆ ಗುಂಪಾಗಿ ಕೂರಿಸೋಕೆ ಆಗಲ್ಲ ಅನ್ನೋದನ್ನ ನಾನು ನಂಬಲ್ಲ. ಇಂಗ್ಲೆಂಡಿನ ಸಾಲ್‌ಫರ್ಡ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ಸಾಧಾರಣ ಜಿಪಿ ಕ್ಲಿನಿಕ್ಕಿಗೆ ಬರೋ 2,799 ಸಿಓಪಿಡಿ ರೋಗಿಗಳನ್ನ ತೀರಾ ಕಡಿಮೆ ಷರತ್ತು ಹಾಕಿ ಸೇರಿಸಿಕೊಂಡಿತು. ಅದಕ್ಕೆ ದುಡ್ಡು ಹಾಕಿದ್ದೂ ಔಷಧ ಕಂಪನಿಯೇ. ಮನಸ್ಸಿದ್ದರೆ ಆಗುತ್ತೆ.

ಅಷ್ಟು ದೂರ ಯಾಕೆ, ಮದ್ರಾಸಿನಲ್ಲೇ ಆಗಿದೆ. 1956ರಲ್ಲಿ ಅಲ್ಲಿ ಕ್ಷಯ ಚಿಕಿತ್ಸೆಯ ಸಂಶೋಧನಾ ಕೇಂದ್ರ ಶುರುವಾಯ್ತು. ಕ್ಷಯ ಅಂದರೆ ಸ್ಯಾನಟೋರಿಯಂನಲ್ಲಿ ಮಲಗಬೇಕು, ಒಳ್ಳೆ ಊಟ ಬೇಕು, ಒಳ್ಳೆ ಗಾಳಿ ಬೇಕು ಅಂತ ಇಡೀ ಜಗತ್ತು ನಂಬಿದ್ದ ಕಾಲ. ಅವರು ನಗರದ ಇಕ್ಕಟ್ಟಿನ ಬಡ ಮನೆಗಳಲ್ಲಿದ್ದ ರೋಗಿಗಳನ್ನೇ ತಗೊಂಡು, ಚೀಟಿ ಎತ್ತಿದ ಹಾಗೆ ಅರ್ಧ ಜನರನ್ನ ಸ್ಯಾನಟೋರಿಯಂಗೆ ಕಳಿಸಿದರು, ಮಿಕ್ಕವರಿಗೆ ಮನೆಯಲ್ಲೇ ಮಾತ್ರೆ ಕೊಟ್ಟರು. 1959ರಲ್ಲಿ ಫಲಿತಾಂಶ ಬಂತು: ಸಾಕಷ್ಟು ಊಟ ಇಲ್ಲದ, ಒಂದೇ ಕೋಣೆಯ ಮನೆಯವರೂ ಹೆಚ್ಚುಕಡಿಮೆ ಸ್ಯಾನಟೋರಿಯಂನವರಷ್ಟೇ ಗುಣವಾದರು, ಮನೆಯವರಿಗೆ ಸೋಂಕಿನ ಅಪಾಯವೂ ಹೆಚ್ಚಾಗಲಿಲ್ಲ. ಜಗತ್ತಿನ ಕ್ಷಯ ಚಿಕಿತ್ಸೆಯೇ ಆಮೇಲೆ ಆ ಕಡೆ ತಿರುಗಿತು. ಆ ಟ್ರಯಲ್ಲಿಗೂ ಒಳ್ಳೆ ಮನೆ, ಒಳ್ಳೆ ಊಟ ಇದ್ದವರು ಮಾತ್ರ ಬನ್ನಿ ಅಂತ ಗೇಟು ಹಾಕಿದ್ದರೆ ಆ ಪ್ರಶ್ನೆಗೆ ಉತ್ತರವೇ ಸಿಗ್ತಿರಲಿಲ್ಲ. ಅರವತ್ತು ವರ್ಷದ ಮೇಲಾಯ್ತು, ಕಂಪ್ಯೂಟರಿಲ್ಲದ ಕಾಲದಲ್ಲಿ ಮಾಡಿದ್ದು.

ಸಿಓಪಿಡಿಯವರ ಜಾಗತಿಕ ಮಾರ್ಗಸೂಚಿ, ಗೋಲ್ಡ್ ಅಂತ ಕರೀತಾರೆ, ಅದಕ್ಕೂ ಈಗ ಸ್ವಲ್ಪ ಎಚ್ಚರ ಆಗಿದೆ. 2023ರ ವರದಿಯಲ್ಲಿ ಕಾಯಿಲೆಯನ್ನ ಕಾರಣದ ಮೇಲೆ ವಿಂಗಡಿಸಿ, ಒಲೆ ಹೊಗೆ ಮತ್ತು ಮಾಲಿನ್ಯದಿಂದ ಬಂದದ್ದಕ್ಕೆ ಸಿಓಪಿಡಿ-ಪಿ ಅಂತ ಬೇರೆ ಹೆಸರಿಟ್ಟರು, ಸೋಂಕಿನಿಂದ ಬಂದದ್ದಕ್ಕೆ ಸಿಓಪಿಡಿ-ಐ ಅಂತ. ನಾಮಕರಣ ಆಯ್ತು, ಸಂತೋಷ. ತೊಟ್ಟಿಲಲ್ಲಿ ಮಲಗಿಸೋಕೆ ಮಗು ಎಲ್ಲಿ? ಆ ಪಿ ಅಕ್ಷರದವರಿಗೆ ಯಾವ ಇನ್ಹೇಲರ್ ಎಷ್ಟು ಕೆಲಸ ಮಾಡುತ್ತೆ ಅನ್ನೋದನ್ನ ಅದೇ ಹತ್ತು ಪ್ಯಾಕ್-ಇಯರಿನ ಟ್ರಯಲ್ಲುಗಳಿಂದಲೇ ಎರವಲು ತರ್ತಾ ಇದ್ದಾರೆ.

ನಮ್ಮ ಕೈಲಿ ಟ್ರಯಲ್ ನಡೆಸೋಕೆ ಆಗಲ್ಲ, ಬರೆಯೋದಂತೂ ಆಗುತ್ತೆ. ಭಾರತದಲ್ಲಿ ನಡೆಯೋ ಔಷಧ ಪ್ರಯೋಗಗಳನ್ನ ಸಿಟಿಆರ್‌ಐ ಅನ್ನೋ ಸರ್ಕಾರಿ ದಾಖಲೆಯಲ್ಲಿ ನೋಂದಾಯಿಸಬೇಕು. 2007ರಲ್ಲಿ ಶುರುವಾಗಿದ್ದು, 2009ರ ಜೂನ್‌ನಿಂದ ಕಡ್ಡಾಯ. ಪುಕ್ಕಟೆ, ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಯಾರನ್ನ ಸೇರಿಸ್ತಾರೆ, ಯಾರನ್ನ ಬಿಡ್ತಾರೆ ಅಂತ ಎರಡು ಪ್ರತ್ಯೇಕ ಭಾಗಗಳಿರುತ್ತವೆ. ಹೊರದೇಶದ ಟ್ರಯಲ್ಲುಗಳಿಗೂ ಇಂಥದೇ ದಾಖಲೆ ಇದೆ. ಮುಂದಿನ ಸಲ ಯಾರಾದರೂ ಹೊಸ ಇನ್ಹೇಲರಿನ ಸುದ್ದಿ ಕನ್ನಡಕ್ಕೆ ತರೋವಾಗ ಆ ಎರಡು ಭಾಗ ತೆಗೆದು ಓದಿ, ಐದು ನಿಮಿಷದ ಕೆಲಸ. ಹತ್ತು ಪ್ಯಾಕ್-ಇಯರ್ ಅಂತ ಕಂಡರೆ ತಲೆಬರಹದಲ್ಲೇ "ಧೂಮಪಾನಿಗಳಲ್ಲಿ ಪರೀಕ್ಷಿಸಿದ" ಅಂತ ಎರಡು ಪದ ಸೇರಿಸಿ. ಸೌದೆ ಒಲೆಯ ಗಂಟೆ ಲೆಕ್ಕ ಕೇಳೋ ಟ್ರಯಲ್ ಸಿಕ್ಕಿದರೆ ಲಿಂಕನ್ನ ಇಲ್ಲಿ ಕೆಳಗೆ ಹಾಕಿ. ಅದರ ಬಗ್ಗೆ ನಾನೇ ಇನ್ನೊಂದು ಬರಹ ಬರೀತೀನಿ, ಇದಕ್ಕಿಂತ ಉದ್ದ.